ಲೆಕ್ಕ ಸರಿಯಿದೆ, ಅಂದಾಜು ಕೆಟ್ಟಿತ್ತು: ಸಂಘದ ಕಂಪ್ಯೂಟರಿನ ಬಗ್ಗೆ ಸದಸ್ಯರಿಗೆ ಒಂದು ವಿವರಣೆ



2025ರ ಫೆಬ್ರವರಿಯ ಬಟವಾಡೆಯ ದಿನ ನಮ್ಮ ಸಂಘದ ಕಛೇರಿಯಲ್ಲಿ ನಡೆದ ಪ್ರಸಂಗ ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಳಿಗ್ಗೆ ಹತ್ತು ಗಂಟೆಗೆ ಸಿದ್ಧವಾಗಬೇಕಾಗಿದ್ದ ಬಟವಾಡೆ ಪಟ್ಟಿ ಮಧ್ಯಾಹ್ನವಾದರೂ ಕಂಪ್ಯೂಟರಿನಿಂದ ಹೊರಬೀಳಲಿಲ್ಲ. ಎಂದಿನ ದಿನಗಳಲ್ಲಿ ಅರ್ಧ ನಿಮಿಷದಲ್ಲಿ ಬರುವ ಪಟ್ಟಿಯದು. ಅರ್ಧ ಗಂಟೆ ಕಾದೆವು. ಯಂತ್ರ ಸ್ತಬ್ಧವಾಗಿದೆಯೆಂದು ಭಾವಿಸಿ ನಾವೇ ಸ್ವಿಚ್ ಆರಿಸಿ ಮತ್ತೆ ಹಾಕಿದೆವು. ಪುನಃ ಅದೇ ಕತೆ. ಮೂರು ಸಲ ಹೀಗೆ ಮಾಡಿ, ನಾಲ್ಕನೆಯ ಸಲ ಮುಟ್ಟದೆ ಬಿಟ್ಟಾಗ ಐವತ್ತು ನಿಮಿಷ ತೆಗೆದುಕೊಂಡು ಪಟ್ಟಿ ಬಂತು. ಅಷ್ಟರಲ್ಲಿ ಬ್ಯಾಂಕಿಗೆ ಪಟ್ಟಿ ಕಳಿಸುವ ಹೊತ್ತು ಮೀರಿತ್ತು. ಶನಿವಾರ ಸಂಜೆ ಆಳುಗಳಿಗೆ ವಾರದ ಕೂಲಿ ಕೊಡಬೇಕಾದ ಸಣ್ಣ ಹಿಡುವಳಿದಾರರು ಅಂದು ಕೈಸಾಲ ಮಾಡಬೇಕಾಯಿತು. ವಯಸ್ಸಾದ ಸದಸ್ಯೆಯೊಬ್ಬರು ಸೆರಗಿನ ಗಂಟಿನಿಂದ ತೂಕದ ಚೀಟಿ ತೆಗೆದು, “ಏನಪ್ಪಾ, ನನ್ನ ಚೀಟಿ ನನ್ನ ಹತ್ರ ಸರಿಯಾಗಿ ಉಂಟು. ನಿಮ್ಮ ಪೆಟ್ಟಿಗೆಗೆ ಮಾತ್ರ ನೆನಪಿಲ್ವಾ?” ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಅದಕ್ಕಿಂತ ಹೆಚ್ಚಿನ ತೊಂದರೆ ಆಮೇಲೆ ಆಯಿತು. ತಪಾಸಣೆ ಮಾಡಿದವರು “ಡೇಟಾಬೇಸಿನ ಅಂಕಿಅಂಶ ಕೆಟ್ಟಿದೆ” ಎಂದರು. ಆ ಮಾತು ಕಛೇರಿಯ ಮೆಟ್ಟಿಲಿಳಿದು ಪೇಟೆಗೆ ತಲುಪುವಾಗ “ಸಂಘದ ಲೆಕ್ಕ ಕೆಟ್ಟಿದೆ” ಎಂದಾಗಿತ್ತು. ಮಾರನೆಯ ವಾರ ಕೆಲವು ಸದಸ್ಯರು ಠೇವಣಿ ವಾಪಸು ಕೇಳಲು ಬಂದರು. ಅವರನ್ನು ನಾವು ದೂಷಿಸುವುದಿಲ್ಲ. ಅಡಿಕೆ, ಕಾಫಿ ತಂದು ಸಂಘದ ಗೋದಾಮಿನಲ್ಲಿ ಇಳಿಸುವ ಬೆಳೆಗಾರನಿಗೆ ಆಧಾರವಾಗಿರುವುದು ಒಂದು ಚೀಟಿ ಮತ್ತು ನಮ್ಮ ಪುಸ್ತಕ, ಇವೆರಡೇ. ಆದ್ದರಿಂದ ಈ ಅಂಕಿಅಂಶ ಎಂದರೇನು, ಅದು ಕೆಟ್ಟರೆ ಏನಾಗುತ್ತದೆ, ಏನಾಗುವುದಿಲ್ಲ, ಕೆಟ್ಟಿದೆಯೆಂದು ಪತ್ತೆ ಹಚ್ಚುವುದು ಹೇಗೆ ಎಂಬುದನ್ನು ಈ ಸಂಚಿಕೆಯಲ್ಲಿ ವಿವರವಾಗಿ ನಿವೇದಿಸುತ್ತಿದ್ದೇವೆ.

ಅಂಕಿಅಂಶ ಬೇರೆ, ಲೆಕ್ಕ ಬೇರೆ

ನಮ್ಮ ಸಂಘದ ಲೆಕ್ಕಪತ್ರ ಇರುವುದು ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ವ್ಯವಸ್ಥೆಯಲ್ಲಿ. ಇದು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳತ್ವದಲ್ಲಿ 1986ರಲ್ಲಿ ಆರಂಭವಾದ ಯೋಜನೆಯಿಂದ ಬೆಳೆದದ್ದು. ಸಂಬಂಧಾತ್ಮಕ ದತ್ತಸಂಚಯ ಎಂಬ ಕಲ್ಪನೆಯನ್ನು ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದರು. ಅದರ ತಿರುಳು ಸರಳವಾಗಿದೆ. ಎಲ್ಲ ಮಾಹಿತಿಯನ್ನು ಕೋಷ್ಟಕಗಳಲ್ಲಿ, ಅಂದರೆ ಸಾಲು ಮತ್ತು ಕಂಬಗಳಲ್ಲಿ ಬರೆದಿಡುವುದು. ನಮ್ಮಲ್ಲಿ ಸದಸ್ಯರದೊಂದು ಕೋಷ್ಟಕ, ಆವಕದ್ದೊಂದು, ಮಾರಾಟದ ಲಾಟುಗಳದ್ದೊಂದು, ಮುಂಗಡದ್ದೊಂದು, ಹೀಗೆ. ಬಟವಾಡೆ ಪಟ್ಟಿ ಬೇಕಾದಾಗ ಇವೆಲ್ಲವನ್ನೂ ಸದಸ್ಯತ್ವದ ಸಂಖ್ಯೆಯ ಆಧಾರದ ಮೇಲೆ ಒಂದಕ್ಕೊಂದು ಜೋಡಿಸಿ ಲೆಕ್ಕ ಹಾಕಲಾಗುತ್ತದೆ.

ಇಲ್ಲಿ ಒಂದು ವಿಶೇಷವಿದೆ. ನಾವು ಕಂಪ್ಯೂಟರಿಗೆ ಏನು ಬೇಕೆಂದು ಹೇಳುತ್ತೇವೆಯೇ ಹೊರತು ಹೇಗೆ ಹುಡುಕಬೇಕೆಂದು ಹೇಳುವುದಿಲ್ಲ. ಯಾವ ಪುಸ್ತಕವನ್ನು ಮೊದಲು ತೆರೆಯಬೇಕು, ಯಾವುದನ್ನು ಆಮೇಲೆ, ಮೊದಲಿನಿಂದ ಕೊನೆಯವರೆಗೆ ಓದಬೇಕೋ ಅಥವಾ ಸೂಚಿ ನೋಡಿ ಬೇಕಾದ ಪುಟಕ್ಕೆ ನೇರ ಹೋಗಬೇಕೋ ಎಂಬುದನ್ನು ವ್ಯವಸ್ಥೆಯೊಳಗಿರುವ ಯೋಜಕ ಎಂಬ ಭಾಗ ತೀರ್ಮಾನಿಸುತ್ತದೆ. ಹಲವು ದಾರಿಗಳಲ್ಲಿ ಯಾವುದಕ್ಕೆ ಖರ್ಚು ಕಡಿಮೆಯೆಂದು ಅಂದಾಜು ಮಾಡಿ ಆರಿಸುವ ಈ ವಿಧಾನವನ್ನು ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರ ಪ್ರಬಂಧದಲ್ಲಿ ವಿವರಿಸಿದರು. ಇಂದಿಗೂ ಬಹುತೇಕ ದತ್ತಸಂಚಯಗಳು ನಡೆಯುವುದು ಅದೇ ಜಾಡಿನಲ್ಲಿ.

ಖರ್ಚಿನ ಅಂದಾಜಿಗೆ ಯೋಜಕನು ಬಳಸುವ ಮಾಹಿತಿಯೇ ಅಂಕಿಅಂಶ. ಇದನ್ನು ನಮ್ಮ ಕಸುಬಿನ ಉದಾಹರಣೆಯಿಂದ ತಿಳಿಯೋಣ. ಹೂಮಳೆಯ ನಂತರ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಕಾಫಿ ಮಂಡಳಿ ಫಸಲಿನ ಅಂದಾಜು ಪ್ರಕಟಿಸುತ್ತದೆ. ನಾವೂ ತೋಟದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ನೋಡಿ ಅಂದಾಜು ಕಟ್ಟುತ್ತೇವೆ. ಆ ಅಂದಾಜಿನ ಮೇಲೆ ಎಷ್ಟು ಆಳು ಬೇಕು, ಎಷ್ಟು ಗೋಣಿಚೀಲ ಬೇಕು, ಕಣ ಸಾಲುತ್ತದೆಯೇ ಎಂದು ನಿರ್ಧರಿಸುತ್ತೇವೆ. ಅಂದಾಜು ತಪ್ಪಿತೆಂದು ಗಿಡದಲ್ಲಿನ ಹಣ್ಣು ಒಂದೂ ಕಡಿಮೆಯಾಗುವುದಿಲ್ಲ. ಆದರೆ ನೂರು ಮೂಟೆ ಬರುವಲ್ಲಿ ಒಂದೇ ಮೂಟೆ ಎಂದು ತಿಳಿದು ಒಬ್ಬನೇ ಆಳನ್ನು ಕರೆದರೆ ಕೊಯ್ಲು ಮುಗಿಯುವುದು ಯಾವಾಗ? ಕಂಪ್ಯೂಟರಿನಲ್ಲಿ ಆದದ್ದೂ ಇಷ್ಟೇ. ಅಂಕಿಅಂಶ ಕೆಟ್ಟರೆ ದಾರಿ ತಪ್ಪುತ್ತದೆ, ತಡವಾಗುತ್ತದೆ, ಉತ್ತರ ಬದಲಾಗುವುದಿಲ್ಲ. ಯಾವ ದಾರಿಯಲ್ಲಿ ಹೋದರೂ ತಲುಪುವ ಊರು ಒಂದೇ.

ಈ ಮಾತನ್ನು ಬರಿದೇ ನಂಬಿರೆಂದು ನಾವು ಹೇಳುವುದಿಲ್ಲ. ಆ ದಿನದ ಪಟ್ಟಿಯಿಂದ ಕಣ್ಣುಮುಚ್ಚಿ ಹತ್ತು ಸದಸ್ಯರ ಹೆಸರು ಆರಿಸಿ, ಗೋದಾಮಿನ ತೂಕದ ಚೀಟಿ, ಮಾರಾಟದ ಚೀಟಿ, ಮುಂಗಡದ ರಸೀತಿ ಇವನ್ನಿಟ್ಟುಕೊಂಡು ಆಡಳಿತ ಮಂಡಳಿಯ ಇಬ್ಬರು ಸದಸ್ಯರ ಎದುರಿನಲ್ಲಿ ಕೈಯಲ್ಲೇ ಕೂಡಿ ಕಳೆದು ನೋಡಿದೆವು. ಹತ್ತೂ ಪೈಸೆಗೆ ಪೈಸೆ ತಾಳೆಯಾದವು. ಆ ಕಾಗದಗಳು ಕಛೇರಿಯಲ್ಲಿವೆ. ಯಾವ ಸದಸ್ಯರೂ ಬಂದು ನೋಡಬಹುದು.

ಅಂದಾಜು ಎಲ್ಲಿಂದ ಬರುತ್ತದೆ

ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಬಗೆಯ ಅಂಕಿಅಂಶಗಳಿವೆ. ಇವೆರಡನ್ನೂ ಒಂದೇ ಎಂದು ತಿಳಿದರೆ ಪತ್ತೆಯ ಕೆಲಸ ದಾರಿ ತಪ್ಪುತ್ತದೆ.

ಮೊದಲನೆಯದು ಯೋಜಕನ ಅಂಕಿಅಂಶ. ಅನಲೈಜ್ ಎಂಬ ಆಜ್ಞೆ ಕೊಟ್ಟಾಗ ವ್ಯವಸ್ಥೆಯು ಕೋಷ್ಟಕದಿಂದ ಮಾದರಿಗೆ ಕೆಲವು ಸಾಲುಗಳನ್ನು ಎತ್ತಿ ನೋಡುತ್ತದೆ. ಮಾಮೂಲು ಏರ್ಪಾಡಿನಲ್ಲಿ ಈ ಮಾದರಿ 30,000 ಸಾಲುಗಳದ್ದು. ಅದರಿಂದ ಪ್ರತಿ ಕಂಬಕ್ಕೂ ಎಷ್ಟು ಭಾಗ ಖಾಲಿ ಇದೆ, ಎಷ್ಟು ಬೇರೆ ಬೇರೆ ಮೌಲ್ಯಗಳಿವೆ, ಪದೇ ಪದೇ ಬರುವ ಮೌಲ್ಯಗಳು ಯಾವುವು, ಅವು ಎಷ್ಟು ಪಾಲು ಬರುತ್ತವೆ, ಉಳಿದವು ಯಾವ ವ್ಯಾಪ್ತಿಯಲ್ಲಿ ಹರಡಿವೆ ಎಂಬ ಟಿಪ್ಪಣಿ ತಯಾರಾಗುತ್ತದೆ. ಈ ಟಿಪ್ಪಣಿಯನ್ನು ಪಿಜಿ_ಸ್ಟ್ಯಾಟ್ಸ್ ಎಂಬ ಹೆಸರಿನಲ್ಲಿ ಯಾರೂ ಓದಬಹುದಾದ ರೂಪದಲ್ಲಿ ನೋಡಬಹುದು.

ಎರಡನೆಯದು ಎಣಿಕೆಯ ಅಂಕಿಅಂಶ. ಪ್ರತಿ ಕೋಷ್ಟಕದಲ್ಲಿ ಎಷ್ಟು ಸಾಲು ಸೇರಿತು, ಎಷ್ಟು ತಿದ್ದಿತು, ಎಷ್ಟು ಅಳಿಸಿತು, ಕಳೆದ ಅನಲೈಜ್ ಆದ ಮೇಲೆ ಎಷ್ಟು ಬದಲಾವಣೆ ಆಯಿತು ಎಂದು ವ್ಯವಸ್ಥೆ ಗೀಟು ಹಾಕುತ್ತಾ ಹೋಗುತ್ತದೆ. ಮೂಟೆ ಇಳಿಸುವಾಗ ಗೋದಾಮಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿದ ಹಾಗೆ. ಈ ಗೀಟುಗಳನ್ನು ನೋಡಿಯೇ, ಹೊಸದಾಗಿ ಮಾದರಿ ತೆಗೆಯುವ ಕಾಲ ಬಂತೋ ಇಲ್ಲವೋ ಎಂದು ವ್ಯವಸ್ಥೆ ತಾನಾಗಿ ತೀರ್ಮಾನಿಸುತ್ತದೆ. ಮಾಮೂಲು ಸೂತ್ರ ಹೀಗಿದೆ: ಬದಲಾದ ಸಾಲುಗಳ ಸಂಖ್ಯೆ 50 ಮತ್ತು ಒಟ್ಟು ಸಾಲಿನ ಶೇಕಡಾ 10, ಇವೆರಡರ ಮೊತ್ತವನ್ನು ದಾಟಿದರೆ ಹೊಸ ಅನಲೈಜ್ ಆಗುತ್ತದೆ. ನಮ್ಮ ಆವಕದ ಕೋಷ್ಟಕದಲ್ಲಿ ಹಿಂದಿನ 8 ಹಂಗಾಮುಗಳ ಸುಮಾರು 3 ಲಕ್ಷ ಸಾಲುಗಳಿದ್ದವು. ಅಂದರೆ 30,050 ಬದಲಾವಣೆ ಆಗುವವರೆಗೆ ವ್ಯವಸ್ಥೆ ಹಳೆಯ ಟಿಪ್ಪಣಿಯಲ್ಲೇ ನಡೆಯುತ್ತದೆ.

ಗೋಡೆಯ ಗೀಟು ಅಳಿಸಿದ್ದು ಯಾರು

ದತ್ತಸಂಚಯವು ಯಾವುದೇ ವ್ಯವಹಾರವನ್ನು ಮೊದಲು ಕಿರ್ದಿಯಂಥ ಒಂದು ದಾಖಲೆಯಲ್ಲಿ ಬರೆದು, ಆಮೇಲೆ ಖಾತೆಗೆ ಏರಿಸುತ್ತದೆ. ನಡುವೆ ಕರೆಂಟು ಹೋದರೂ, ಮತ್ತೆ ಚಾಲೂ ಆದಾಗ ಕಿರ್ದಿ ನೋಡಿ ಖಾತೆಯನ್ನು ಸರಿ ಮಾಡಿಕೊಳ್ಳುತ್ತದೆ. ಹೀಗಾಗಿ ತಮ್ಮ ಆವಕ, ಮುಂಗಡ, ಠೇವಣಿ ಇವೆಲ್ಲ ಭದ್ರ. ಯೋಜಕನ ಟಿಪ್ಪಣಿಯೂ ಕಿರ್ದಿಗೆ ಸೇರಿದ್ದೇ. ಆದರೆ ಎಣಿಕೆಯ ಗೀಟುಗಳು ಕಿರ್ದಿಗೆ ಸೇರಿಲ್ಲ. ಯಂತ್ರವನ್ನು ಕ್ರಮವಾಗಿ ನಿಲ್ಲಿಸಿದರೆ ಅವು ಒಂದು ಕಡತದಲ್ಲಿ ಉಳಿಯುತ್ತವೆ. ಅರ್ಧಕ್ಕೆ ಕರೆಂಟು ಹೋಗಿ ಯಂತ್ರ ನಿಂತರೆ, ಮತ್ತೆ ಚಾಲೂ ಆಗುವಾಗ ಎಲ್ಲ ಎಣಿಕೆಯೂ ಸೊನ್ನೆಯಿಂದ ಶುರು. ಆ ಕಡತವೇ ಹಾಳಾಗಿದ್ದರೂ ವ್ಯವಸ್ಥೆ ನಿಲ್ಲುವುದಿಲ್ಲ. ಅಂಕಿಅಂಶದ ಕಡತ ಕೆಟ್ಟಿದೆಯೆಂದು ದಿನಚರಿಯಲ್ಲಿ ಒಂದು ಸಾಲು ಬರೆದು, ಸೊನ್ನೆಯಿಂದ ಮುಂದುವರಿಯುತ್ತದೆ.

ಈಗ ನಮ್ಮ ಕಛೇರಿಯ ಪರಿಸ್ಥಿತಿ ನೋಡಿರಿ. ಯು.ಪಿ.ಎಸ್. ಬ್ಯಾಟರಿ ಕೈಕೊಟ್ಟು ಬಹಳ ದಿನಗಳಾಗಿದ್ದವು. ಗುಮಾಸ್ತರು ಎರಡು ಸಲ ಬರೆದು ಕೊಟ್ಟಿದ್ದರು. ಹಂಗಾಮು ಮುಗಿಯಲಿ, ಆಮೇಲೆ ನೋಡೋಣ ಎಂದು ಮುಂದೂಡಿದವರು ನಾವು. ಡಿಸೆಂಬರು ಕಳೆದು ತೋಟಗಳಲ್ಲಿ ಪಂಪ್‌ಸೆಟ್ಟುಗಳು ಶುರುವಾದ ಮೇಲೆ ಕರೆಂಟು ಹೋಗುವುದು ಬರುವುದು ಹೇಳಬೇಕಾಗಿಲ್ಲ. ಪ್ರತಿ ಸಲ ಕರೆಂಟು ಹೋದಾಗಲೂ ಗೋಡೆಯ ಗೀಟು ಅಳಿಸಿಹೋಗುತ್ತಿತ್ತು. 2024-25ರ ಹಂಗಾಮಿನಲ್ಲಿ ಫೆಬ್ರವರಿಯವರೆಗೆ ಸುಮಾರು 36,000 ಆವಕದ ಸಾಲುಗಳು ಸೇರಿದ್ದವು. ಒಟ್ಟಾಗಿ ನೋಡಿದರೆ 30,050ನ್ನು ದಾಟಿತ್ತು. ಆದರೆ ಎಣಿಕೆ ನಡುನಡುವೆ ಸೊನ್ನೆಯಾಗುತ್ತಿದ್ದುದರಿಂದ ವ್ಯವಸ್ಥೆಯ ದೃಷ್ಟಿಯಲ್ಲಿ ಆ ಗಡಿ ಎಂದೂ ಬರಲೇ ಇಲ್ಲ. ಬಟವಾಡೆಯ ದಿನ ನಾವು ಮೂರು ಸಲ ಸ್ವಿಚ್ ಆರಿಸಿದ್ದು ರೋಗಕ್ಕೆ ಔಷಧವಾಗಲಿಲ್ಲ, ರೋಗವನ್ನೇ ಮೂರು ಸಲ ಹೆಚ್ಚಿಸಿತು.

ಪತ್ತೆ ಮಾಡಿದ ಕ್ರಮ

ತಂತ್ರಾಂಶ ಒದಗಿಸಿದವರು ಮೊದಲು ಕೊಟ್ಟ ಸಲಹೆ, ಯಂತ್ರ ಹಳೆಯದಾಯಿತು, ದೊಡ್ಡದು ಕೊಳ್ಳಿರಿ ಎಂಬುದು. ಅದರ ಬೆಲೆಪಟ್ಟಿ ಆಡಳಿತ ಮಂಡಳಿಯ ಮೇಜಿನ ಮೇಲೂ ಬಂದಿತ್ತು. ಆ ವಾರ ಊರಿಗೆ ಬಂದಿದ್ದ, ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ಸದಸ್ಯರೊಬ್ಬರ ಮಗಳು ಒಂದು ಮಧ್ಯಾಹ್ನ ನಮ್ಮೊಂದಿಗೆ ಕುಳಿತು ಈ ಕೆಳಗಿನ ಕ್ರಮದಲ್ಲಿ ಪರೀಕ್ಷೆ ಮಾಡಿಸಿಕೊಟ್ಟರು. ಬೇರೆ ಸಂಘಗಳ ಆಡಳಿತ ಮಂಡಳಿಯಲ್ಲಿರುವ ಸದಸ್ಯರಿಗೂ ಉಪಯೋಗವಾಗಲೆಂದು ಹಾಗೆಯೇ ಬರೆಯುತ್ತೇವೆ.

1. ಉತ್ತರ ತಪ್ಪೋ, ತಡವೋ? ಮೊದಲು ಕೇಳಬೇಕಾದ್ದು ಇದು. ಚೀಟಿಗಳೊಂದಿಗೆ ತಾಳೆ ನೋಡಿದ್ದಾಯಿತು, ತಡ ಮಾತ್ರ. ಉತ್ತರವೇ ತಪ್ಪಾಗಿದ್ದರೆ ದೋಷ ಅಂಕಿಅಂಶದಲ್ಲಿರುವುದಿಲ್ಲ, ಬೇರೆ ಕಡೆ ಹುಡುಕಬೇಕು.

2. ಅಂದಾಜು ಎಷ್ಟು, ವಾಸ್ತವ ಎಷ್ಟು? ಎಕ್ಸ್‌ಪ್ಲೇನ್ ಅನಲೈಜ್ ಎಂಬ ಆಜ್ಞೆಯನ್ನು ಮುಂದಿಟ್ಟು ಅದೇ ಪಟ್ಟಿಯನ್ನು ಓಡಿಸಿದರೆ, ಯೋಜಕನು ಆರಿಸಿದ ದಾರಿಯ ಪ್ರತಿ ಹಂತದಲ್ಲೂ ಎಷ್ಟು ಸಾಲು ಬರುತ್ತದೆಂದು ಎಣಿಸಿದ್ದ, ನಿಜವಾಗಿ ಎಷ್ಟು ಬಂತು ಎಂಬ ಎರಡು ಸಂಖ್ಯೆಗಳು ಅಕ್ಕಪಕ್ಕದಲ್ಲಿ ಸಿಗುತ್ತವೆ. ಈ ಆಜ್ಞೆ ಪಟ್ಟಿಯನ್ನು ನಿಜವಾಗಿಯೇ ಓಡಿಸುತ್ತದೆಂಬುದು ನೆನಪಿರಲಿ. ಲೆಕ್ಕ ತಿದ್ದುವ ಅಥವಾ ಅಳಿಸುವ ಕೆಲಸದ ಮುಂದೆ ಇದನ್ನು ಹಾಕಬಾರದು. ಓದುವಾಗ ಒಳಗಿನ ಹಂತದಿಂದ ಹೊರಗೆ ಬರಬೇಕು. ಎರಡು ಸಂಖ್ಯೆಗಳು ಮೊತ್ತಮೊದಲು ಬೇರೆಯಾಗುವ ಜಾಗವೇ ದೋಷದ ಮೂಲ. ಮೇಲಿನ ಹಂತಗಳ ತಪ್ಪೆಲ್ಲ ಅದರ ಮರಿಗಳು. ನಮ್ಮಲ್ಲಿ ಆವಕದ ಕೋಷ್ಟಕದಿಂದ 2024-25ರ ಹಂಗಾಮನ್ನು ಆರಿಸುವ ಮೊದಲ ಹಂತದಲ್ಲೇ ಅಂದಾಜು 1, ವಾಸ್ತವ 36,000 ಎಂದು ಕಂಡಿತು.

ಈ ಒಂದು ತಪ್ಪಿನ ಬೆಲೆ ಎಷ್ಟೆಂದು ನೋಡಿರಿ. ಒಂದೇ ಚೀಟಿ ಇದೆಯೆಂದು ತಿಳಿದ ಗುಮಾಸ್ತ, ಆ ಚೀಟಿ ಹಿಡಿದುಕೊಂಡು ಮುಂಗಡದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಮ್ಮೆ ನೋಡಿದರೆ ತಪ್ಪೇನಿಲ್ಲ. ಆದರೆ ಚೀಟಿ 36,000 ಇದ್ದು, ಪ್ರತಿಯೊಂದಕ್ಕೂ 90,000 ಸಾಲಿನ ಮುಂಗಡದ ಪುಸ್ತಕವನ್ನು ಹೀಗೆ ತಿರುವಿದರೆ 324 ಕೋಟಿ ಸಲ ನೋಡಿದಂತಾಯಿತು. ಬದಲಿಗೆ ಎಲ್ಲ ಚೀಟಿಗಳನ್ನು ಸದಸ್ಯರ ಸಂಖ್ಯೆಯ ಪ್ರಕಾರ ಗೂಡುಗಳಲ್ಲಿ ಜೋಡಿಸಿಟ್ಟು, ಮುಂಗಡದ ಪುಸ್ತಕವನ್ನು ಒಂದೇ ಸಲ ಓದುತ್ತಾ ಹೋದರೆ ಒಟ್ಟು ನೋಡಬೇಕಾದ್ದು 1,26,000 ಸಾಲು ಮಾತ್ರ. ಸರಿಯಾದ ಅಂದಾಜು ಇದ್ದಿದ್ದರೆ ಯೋಜಕ ಈ ಎರಡನೆಯ ದಾರಿಯನ್ನೇ ಹಿಡಿಯುತ್ತಿದ್ದ. ಬಟವಾಡೆ ಪಟ್ಟಿಯಲ್ಲಿ ಇಂಥ ಜೋಡಣೆಗಳು ಒಂದಲ್ಲ, ನಾಲ್ಕಿದ್ದವು.

3. ಟಿಪ್ಪಣಿಯಲ್ಲಿ ಏನಿದೆ? ಪಿಜಿ_ಸ್ಟ್ಯಾಟ್ಸ್‌ನಲ್ಲಿ ಹಂಗಾಮಿನ ಕಂಬವನ್ನು ತೆರೆದು ನೋಡಿದೆವು. ಹೆಚ್ಚಾಗಿ ಬರುವ ಮೌಲ್ಯಗಳ ಪಟ್ಟಿಯಲ್ಲಿ 2016-17ರಿಂದ 2023-24ರವರೆಗೆ 8 ಹಂಗಾಮುಗಳಿದ್ದವು. ಆ ಎಂಟರ ಪಾಲನ್ನು ಕೂಡಿದರೆ ನೂರಕ್ಕೆ ನೂರು. 2024-25 ಅಲ್ಲಿರಲೇ ಇಲ್ಲ. ಪಾಲೆಲ್ಲ ಹಂಚಿ ಮುಗಿದ ಮೇಲೆ ಬಂದ ಹೊಸಬನಿಗೆ ಯೋಜಕ ಎಷ್ಟು ಕೊಟ್ಟಾನು? ಉಳಿದದ್ದು ಸೊನ್ನೆ, ಸೊನ್ನೆಯೆಂದು ಹಿಡಿಯುವಂತಿಲ್ಲವಾದ್ದರಿಂದ 1 ಎಂದು ಹಿಡಿದ. ಕೊನೆಯ ಮಾದರಿ ತೆಗೆದದ್ದು 2024ರ ಬೇಸಿಗೆಯಲ್ಲಿ, ಹೊಸ ಹಂಗಾಮಿನ ಮೊದಲ ಮೂಟೆ ಇಳಿಯುವ ಮುನ್ನ ಎಂಬುದು ಇದರಿಂದ ಸ್ಪಷ್ಟವಾಯಿತು.

4. ಎಣಿಕೆ ಏನು ಹೇಳುತ್ತದೆ? ಪಿಜಿ_ಸ್ಟ್ಯಾಟ್_ಯೂಸರ್_ಟೇಬಲ್ಸ್ ಎಂಬಲ್ಲಿ ಪ್ರತಿ ಕೋಷ್ಟಕದ ಗೀಟುಗಳು ಕಾಣುತ್ತವೆ. ಆವಕದ ಕೋಷ್ಟಕದಲ್ಲಿ ಬದುಕಿರುವ ಸಾಲು 2,300 ಎಂದಿತ್ತು. ನಿಜವಾಗಿ ಎಣಿಸಿದರೆ 3,36,000. ಕಳೆದ ಅನಲೈಜ್‌ನ ದಿನಾಂಕದ ಜಾಗ ಖಾಲಿ. ಇಷ್ಟು ದೊಡ್ಡ ಅಂತರ, ಜೊತೆಗೆ ಖಾಲಿ ದಿನಾಂಕ, ಇವೆರಡೂ ಸೇರಿದರೆ ಎಣಿಕೆ ಎಲ್ಲೋ ಸೊನ್ನೆಯಾಗಿದೆಯೆಂದೇ ಅರ್ಥ.

5. ಏಕೆ ಸೊನ್ನೆಯಾಯಿತು? ವ್ಯವಸ್ಥೆಯ ದಿನಚರಿಯನ್ನು ತೆರೆದೆವು. ದತ್ತಸಂಚಯವನ್ನು ಕ್ರಮವಾಗಿ ನಿಲ್ಲಿಸಿರಲಿಲ್ಲ, ತಾನಾಗಿ ಚೇತರಿಸಿಕೊಳ್ಳುತ್ತಿದೆ ಎಂಬರ್ಥದ ಸಾಲು ಆ ಹಂಗಾಮಿನಲ್ಲಿ ಮತ್ತೆ ಮತ್ತೆ ಬಂದಿತ್ತು. ಅದರ ತಾರೀಖುಗಳನ್ನು ಕಛೇರಿಯ ಹಾಜರಿ ಪುಸ್ತಕದಲ್ಲಿ ಗುಮಾಸ್ತರು ಗುರುತು ಹಾಕಿದ್ದ ಕರೆಂಟು ಹೋದ ದಿನಗಳೊಂದಿಗೆ ಹೋಲಿಸಿದೆವು. ಒಂದೂ ತಪ್ಪಲಿಲ್ಲ.

6. ಸರಿಮಾಡಿ ನೋಡುವುದು. ಆವಕದ ಕೋಷ್ಟಕಕ್ಕೆ ಅನಲೈಜ್ ಆಜ್ಞೆ ಕೊಟ್ಟೆವು. ಕೆಲವೇ ಸೆಕೆಂಡು ಹಿಡಿಯಿತು. ಮತ್ತೆ ಪಟ್ಟಿ ಓಡಿಸಿದಾಗ ಅಂದಾಜು ವಾಸ್ತವಕ್ಕೆ ಹತ್ತಿರ ಬಂದಿತ್ತು. ಪಟ್ಟಿ ಅರ್ಧ ನಿಮಿಷದೊಳಗೆ ಹೊರಬಂತು. ಹಳೆಯ ಪಟ್ಟಿಗೂ ಇದಕ್ಕೂ ಕೊನೆಯ ಮೊತ್ತ ಒಂದೇ. ಹೊಸ ಯಂತ್ರದ ಬೆಲೆಪಟ್ಟಿಯನ್ನು ಅಂದೇ ವಾಪಸು ಕಳಿಸಿದೆವು.

ಅನಲೈಜ್‌ಗೂ ಬಗ್ಗದ ದೋಷಗಳು

ಎಲ್ಲ ಸಲವೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಹೊಸದಾಗಿ ಮಾದರಿ ತೆಗೆದ ಮೇಲೂ ಅಂದಾಜು ತಪ್ಪಾಗಿದ್ದರೆ ಎರಡು ಕಾರಣಗಳನ್ನು ಮುಖ್ಯವಾಗಿ ನೋಡಬೇಕು.

ಒಂದು, ಕಂಬಗಳ ನಡುವಿನ ನಂಟು. ಆವಕದ ಅರ್ಧ ಭಾಗ ಅಡಿಕೆ, ಐದರಲ್ಲಿ ಒಂದು ಭಾಗ ರಾಶಿ ಎಂದಿಟ್ಟುಕೊಳ್ಳೋಣ. ಅಡಿಕೆಯೂ ಆಗಿ ರಾಶಿಯೂ ಆಗಿರುವ ಸಾಲೆಷ್ಟು ಎಂದು ಕೇಳಿದರೆ ಯೋಜಕ ಎರಡನ್ನೂ ಗುಣಿಸಿ ಹತ್ತರಲ್ಲಿ ಒಂದು ಎನ್ನುತ್ತಾನೆ. ರಾಶಿಯೆಲ್ಲ ಅಡಿಕೆಯೇ, ಕಾಫಿಯಲ್ಲಿ ರಾಶಿ ಇಲ್ಲವೆಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು, ಯೋಜಕನಿಗೆ ಗೊತ್ತಿಲ್ಲ. ಸರಿಯುತ್ತರ ಐದರಲ್ಲಿ ಒಂದು. ಇಂಥ ನಂಟನ್ನು ತಿಳಿಸಿಕೊಡಲು 2017ರಲ್ಲಿ ಬಂದ 10ನೆಯ ಆವೃತ್ತಿಯಿಂದ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಎಂಬ ಆಜ್ಞೆ ಇದೆ.

ಇನ್ನೊಂದು, ಮಾದರಿ ಸಾಲದಿರುವುದು. ದೊಡ್ಡ ಕೋಷ್ಟಕದಲ್ಲಿ ಅಪರೂಪದ ಮೌಲ್ಯಗಳು ಬಹಳವಿದ್ದರೆ 30,000 ಸಾಲಿನ ಮಾದರಿಗೆ ಅವು ಸಿಗುವುದಿಲ್ಲ. ನಾಲ್ಕು ಗಿಡ ನೋಡಿ ಹತ್ತು ಎಕರೆಯ ಅಂದಾಜು ಕಟ್ಟಿದ ಹಾಗೆ. ಆ ಒಂದು ಕಂಬಕ್ಕೆ ಮಾತ್ರ ಮಾದರಿಯ ಗಾತ್ರವನ್ನು ಹೆಚ್ಚಿಸಬಹುದು.

ತಂತ್ರಾಂಶದ ಆವೃತ್ತಿ ಬದಲಿಸುವಾಗಲೂ ಎಚ್ಚರ ಬೇಕು. 2025ರಲ್ಲಿ ಬಂದ 18ನೆಯ ಆವೃತ್ತಿಗಿಂತ ಮುಂಚಿನ ಆವೃತ್ತಿಗಳಿಗೆ ಏರಿಸಿದಾಗ ಯೋಜಕನ ಟಿಪ್ಪಣಿ ಜೊತೆಗೆ ಬರುತ್ತಿರಲಿಲ್ಲ. ಏರಿಸಿದ ಕೂಡಲೇ ಅನಲೈಜ್ ಮಾಡದಿದ್ದರೆ ಮಾರನೆಯ ದಿನವೇ ಎಲ್ಲವೂ ನಿಧಾನ. 18ರಿಂದ ಟಿಪ್ಪಣಿಯ ಬಹುಭಾಗ ಉಳಿದು ಬರುತ್ತದೆ.

ಲೆಕ್ಕವೇ ಕೆಡುವ ಸಂದರ್ಭ

ಸದಸ್ಯರಿಗೆ ಸುಳ್ಳು ಧೈರ್ಯ ಹೇಳುವುದು ನಮ್ಮ ಉದ್ದೇಶವಲ್ಲ. ಅಂಕಿಅಂಶ ಕೆಟ್ಟರೆ ಉತ್ತರ ಬದಲಾಗುವುದಿಲ್ಲವೆಂದೆವು. ಆದರೆ ಸೂಚಿ ಕೆಟ್ಟರೆ ಉತ್ತರ ಬದಲಾಗಬಹುದು. ಪುಸ್ತಕದಲ್ಲಿ ಸಾಲು ಇದ್ದರೂ ಸೂಚಿಯಲ್ಲಿ ಅದರ ಪುಟ ತಪ್ಪಾಗಿದ್ದರೆ ಆ ಸಾಲು ಸಿಗುವುದಿಲ್ಲ. ಲಿನಕ್ಸ್ ಯಂತ್ರಗಳಲ್ಲಿ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸುವ ನಿಯಮ 2018ರಲ್ಲಿ ಬಂದ ಜಿ-ಲಿಬ್-ಸಿ 2.28ರಲ್ಲಿ ಬಹಳವಾಗಿ ಬದಲಾಯಿತು. ಹಳೆಯ ನಿಯಮದಲ್ಲಿ ಕಟ್ಟಿದ ಸೂಚಿಯನ್ನು ಹೊಸ ನಿಯಮದಲ್ಲಿ ಓದಿದಾಗ ಹೆಸರುಗಳು ಸಿಗದೆ ಹೋಗುವ, ಒಂದೇ ಇರಬೇಕಾದದ್ದು ಎರಡಾಗುವ ಸಂಭವವಿದೆ. ಅಂಥಲ್ಲಿ ಅನಲೈಜ್‌ನಿಂದ ಪ್ರಯೋಜನವಿಲ್ಲ. ರೀಇಂಡೆಕ್ಸ್ ಆಜ್ಞೆಯಿಂದ ಸೂಚಿಯನ್ನು ಹೊಸದಾಗಿ ಕಟ್ಟಬೇಕು. ಸೂಚಿ ಸರಿಯಿದೆಯೇ ಎಂದು ಪರೀಕ್ಷಿಸಲು ಆಮ್‌ಚೆಕ್ ಎಂಬ ಸಾಧನವಿದೆ. ಅದನ್ನೂ ಓಡಿಸಿ ನೋಡಿದೆವು, ದೋಷ ಕಾಣಲಿಲ್ಲ. ಡಿಸ್ಕ್ ಹಾಳಾಗಿ ಸಾಲುಗಳೇ ಕೆಡುವುದು ಇನ್ನೂ ಗಂಭೀರ. ಅದಕ್ಕೆ ಪ್ರತಿದಿನದ ನಕಲೊಂದೇ ಪರಿಹಾರ. ನಮ್ಮ ನಕಲು ಪ್ರತಿದಿನ ಸಂಜೆ ತೆಗೆಯಲಾಗುತ್ತದೆ. ಅದು ನಿಜಕ್ಕೂ ತೆರೆಯುತ್ತದೆಯೇ ಎಂದು ಈಗ ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ತೆರೆದು ನೋಡುತ್ತಿದ್ದೇವೆ.

ಒಂದು ಎಚ್ಚರಿಕೆಯ ಮಾತು. ಯೋಜಕನ ಟಿಪ್ಪಣಿ ಇರುವ ಒಳಗಿನ ಕೋಷ್ಟಕವನ್ನು ಯಾರೂ ಕೈಯಿಂದ ತಿದ್ದಲು ಹೋಗಬಾರದು. ಅಂದಾಜು ತಪ್ಪಿದರೆ ತೋಟಕ್ಕೆ ಹೋಗಿ ಮತ್ತೆ ನೋಡಬೇಕೇ ಹೊರತು ಕಾಗದದ ಮೇಲಿನ ಅಂಕಿ ತಿದ್ದಬಾರದು.

ಕೈಗೊಂಡ ಕ್ರಮಗಳು

ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಈ ಕೆಳಗಿನ ಏರ್ಪಾಡುಗಳನ್ನು ಮಾಡಿದ್ದೇವೆ. ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಹಾಕಿಸಿ, ಕರೆಂಟು ಹೋಗಿ ಸ್ವಲ್ಪ ಹೊತ್ತಾದರೆ ಯಂತ್ರ ತಾನಾಗಿ ಕ್ರಮವಾಗಿ ನಿಲ್ಲುವಂತೆ ಮಾಡಲಾಗಿದೆ. ಪ್ರತಿದಿನ ಸಂಜೆ ನಕಲು ತೆಗೆದ ಮೇಲೆ ಎಲ್ಲ ಕೋಷ್ಟಕಗಳಿಗೂ ಅನಲೈಜ್ ಆಗುತ್ತದೆ. ಎಣಿಕೆ ಅಳಿಸಿಹೋದರೂ ಇನ್ನು ತೊಂದರೆಯಿಲ್ಲ. ಆವಕದ ಕೋಷ್ಟಕಕ್ಕೆ ಶೇಕಡಾ 10ರ ಬದಲು ಶೇಕಡಾ 2ರ ಗಡಿ ಇಡಲಾಗಿದೆ. ಯಂತ್ರವನ್ನು ಸ್ವಿಚ್ ಆರಿಸಿ ನಿಲ್ಲಿಸಬಾರದೆಂಬ ಬರಹವನ್ನು ಯಂತ್ರದ ಮೇಲೆಯೇ ಅಂಟಿಸಿದೆ. ಅದು ಮುಖ್ಯವಾಗಿ ಕಾರ್ಯದರ್ಶಿಗಳಿಗೆ ಅನ್ವಯಿಸುತ್ತದೆ.

ಕೊನೆಯದಾಗಿ ಒಂದು ವಿಷಯವನ್ನು ಬರೆಯದೆ ಈ ಲೇಖನ ಮುಗಿಸುವಂತಿಲ್ಲ. ಬಟವಾಡೆಯ ಮಾರನೆಯ ದಿನ, ಪಟ್ಟಿ ತಡವಾದದ್ದಕ್ಕೆ ವಿವರಣೆ ಕೇಳಿ ನಾವು ಗುಮಾಸ್ತರಿಗೆ ಪತ್ರ ಕೊಟ್ಟಿದ್ದೆವು. ಅವರ ಅಜಾಗರೂಕತೆಯೇ ಕಾರಣವೆಂಬ ಧ್ವನಿ ಅದರಲ್ಲಿತ್ತು. ಪೇಟೆಯಲ್ಲಿ ಕೆಲವರು ಅದಕ್ಕಿಂತ ಹೆಚ್ಚಿನದನ್ನೂ ಆಡಿದರು. ಜನವರಿಯಿಂದಲೇ ಪಟ್ಟಿ ನಿಧಾನವಾಗುತ್ತಿದೆಯೆಂದು ಅವರು ಟಿಪ್ಪಣಿ ಬರೆದಿದ್ದರು. ಬ್ಯಾಟರಿಯ ಬಗ್ಗೆ ಬರೆದಿದ್ದರು. ಕರೆಂಟು ಹೋದ ದಿನಗಳನ್ನು ಯಾರೂ ಹೇಳದೆಯೇ ಗುರುತು ಹಾಕಿಟ್ಟಿದ್ದರು. ದೋಷ ಸಿಕ್ಕಿದ್ದು ಆ ಗುರುತುಗಳಿಂದ. ಆ ಪತ್ರವನ್ನು ನಾವು ಹಿಂದಕ್ಕೆ ಪಡೆದಿದ್ದೇವೆ. ಪತ್ರ ಹತ್ತು ಜನರ ಎದುರಿನಲ್ಲಿ ಕೊಟ್ಟದ್ದಾದ್ದರಿಂದ, ಹಿಂದಕ್ಕೆ ಪಡೆದದ್ದನ್ನೂ ಎಲ್ಲ ಸದಸ್ಯರ ಎದುರಿನಲ್ಲಿ ಹೇಳುವುದು ನ್ಯಾಯವೆಂದು ಇಲ್ಲಿ ಮುದ್ರಿಸುತ್ತಿದ್ದೇವೆ.

ಸದಸ್ಯ ಬಾಂಧವರಲ್ಲಿ ನಮ್ಮ ಕೋರಿಕೆ ಇಷ್ಟೇ. ತೂಕದ ಚೀಟಿಗಳನ್ನು ಬಟವಾಡೆ ಆಗುವವರೆಗೆ ಜೋಪಾನವಾಗಿಡಿರಿ. ಕಂಪ್ಯೂಟರು ಎಷ್ಟೇ ಸರಿಯಿರಲಿ, ತಾಳೆ ನೋಡಲು ಅದರ ಹೊರಗೊಂದು ಲೆಕ್ಕ ಬೇಕೇ ಬೇಕು. ಪಟ್ಟಿ ತಡವಾದರೆ ಏಕೆಂದು ಕೇಳಿರಿ. ಮೊತ್ತ ತಪ್ಪೆಂದು ತೋರಿದರೆ ಚೀಟಿ ಹಿಡಿದುಕೊಂಡು ಅದೇ ದಿನ ಬನ್ನಿರಿ. ಸೆರಗಿನ ಗಂಟಿನಲ್ಲಿ ಚೀಟಿ ಕಟ್ಟಿಟ್ಟುಕೊಂಡು ಬಂದ ಆ ತಾಯಿಯ ಲೆಕ್ಕವನ್ನೂ ಅಂದು ತಾಳೆ ನೋಡಿದ ಹತ್ತರಲ್ಲಿ ಸೇರಿಸಿದ್ದೆವು. ಅದು ಸರಿಯಾಗಿತ್ತು.

ಇತಿ,
ಕಾರ್ಯದರ್ಶಿ